ಹೆಚ್ಚುವರಿ ಎರಡು ಎಣಿಕೆ

ಮಾರ್ಚ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರಗಳು. ಈ ಪತ್ರದ ಉದ್ದೇಶ ಒಂದೇ: ತಂಗಿ ಗಿಲಕಿಯ ಹೊಸ ಸಂಯೋಜನೆಗೆ ನಾನು ಸ್ವರಲಿಪಿ ಬರೆದುಕೊಡಬೇಕೆಂದು ನೀವು ಕೇಳಿದ್ದಕ್ಕೆ ಉತ್ತರಿಸುವುದು. ತಡವಾದುದಕ್ಕೆ ಕ್ಷಮಿಸಿ. ಬರೆಯಲು ಕುಳಿತಾಗಲೆಲ್ಲ ಎರಡನೆಯ ಸಾಲಿಗೇ ಸಿಟ್ಟು ಬಂದು ಹರಿದು ಹಾಕುತ್ತಿದ್ದೆ. ಇಂದು ಸಮಾಧಾನದಿಂದಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯಕೂಡದೆಂದು ವೈದ್ಯರು ಹೇಳಿದ್ದಾರೆಂದು ಅಮ್ಮನಿಂದ ತಿಳಿಯಿತು. ನಾನು ಹೇಳಬೇಕಾದ ಸಂಗತಿಯಲ್ಲಿಯೂ ನೀವು ಇಳಿದ ಒಂದು ಮೆಟ್ಟಿಲ ಸಾಲಿದೆ.

ಮೊದಲು ಒಳ್ಳೆಯ ಸುದ್ದಿ. ಫಲಿತಾಂಶ ಬಂದಿದೆ. ಇಡೀ ಸಂಗೀತ ಕಾಲೇಜಿಗೆ ನಾನೇ ಮೊದಲು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದು ನನ್ನ ಕೆನ್ನೆ ಹಿಂಡಿದಳು. ಗಿಲಕಿ ನನ್ನನ್ನು ಎತ್ತಿ ಸುತ್ತಿಸಲು ಹೋಗಿ ಇಬ್ಬರೂ ಕಪಾಟಿಗೆ ಡಿಕ್ಕಿ ಹೊಡೆದೆವು. ಅಪ್ಪ ಕೈ ಕುಲುಕಿದರು.

ನಡೆದದ್ದನ್ನು ನೀವು ಗಿಲಕಿಯ ಬಾಯಿಂದ ಮಾತ್ರ ಕೇಳಿದ್ದೀರಿ. ಆದ್ದರಿಂದ ಮೊದಲಿನಿಂದ ಹೇಳುವುದು ಅಗತ್ಯ. ಅಪ್ಪ ಸಂಗೀತ ಕೊಟ್ಟು ನೀವು ನಾಯಕಿಯಾಗಿ ಹಾಡಿದ ದೀಪಸ್ತಂಭದ ನಾಟಕವನ್ನು ರಂಗಮಂದಿರದವರು ಮತ್ತೆ ಆಡಿಸುತ್ತಿದ್ದಾರೆ. ಮ್ಯಾನೇಜರು ಮನೆಗೇ ಬಂದಿದ್ದರು. ಹಾಡುಗಳು ಅವೇ ಇರಲಿ, ಆದರೆ ಪಿಟೀಲಿನ ಜೊತೆಗೆ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ ಸೇರಿಸಿ ರಾಕ್ ಶೈಲಿಯಲ್ಲಿ ಹೊಸದಾಗಿ ಕಟ್ಟಬೇಕು, ಇಲ್ಲವಾದರೆ ಕಾಲೇಜಿನ ಹುಡುಗರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದರು. ಯಾರ ಕೈಯಲ್ಲಿ ಮಾಡಿಸೋಣ ಎಂದು ಕೇಳಿದರು. ನಾನು ಅದೇ ಮೇಜಿನ ಬಳಿ, ಅಪ್ಪನ ಎದುರಿಗೇ ಕುಳಿತಿದ್ದೆ. ಇದೇ ನಾಟಕದ ಹಾಡುಗಳನ್ನು ವಾದ್ಯವೃಂದಕ್ಕೆ ಅಳವಡಿಸಿ ಅಂತಿಮ ಪರೀಕ್ಷೆಗೆ ಒಪ್ಪಿಸಿದವಳು ನಾನು. ಬೆನ್ನು ನೆಟ್ಟಗೆ ಮಾಡಿಕೊಂಡೆ. ಏನು ಹೇಳಬೇಕೆಂಬುದನ್ನು ಕೂಡ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಅಪ್ಪ ಕಿತ್ತಳೆ ಸುಲಿಯುತ್ತಿದ್ದರು. ತಲೆ ಎತ್ತದೆ, "ಗಿಲಕಿ ನೋಡ್ಕೊಳ್ಳಲಿ ಬಿಡಿ" ಎಂದರು.

ತೊಟ್ಟಿಲಲ್ಲಿದ್ದಾಗಲೇ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದಳೆಂದು ಅವಳಿಗೆ ಆ ಹೆಸರಿಟ್ಟವರು ನೀವೇ. ನಾನು ಓದಿದ ಕಾಲೇಜನ್ನು ಅವಳು ಎರಡನೆಯ ವರ್ಷಕ್ಕೆ ಬಿಟ್ಟಳು. ಸ್ವರಲಿಪಿಯ ಹಾಳೆ ತೋರಿಸಿದರೆ ಸಕ್ಕರೆ ಚೆಲ್ಲಿದ ಕಡೆ ಇರುವೆ ಮುತ್ತಿದಂತಿದೆ ಎನ್ನುತ್ತಾಳೆ. ಪಿಟೀಲಿನವರು ಏನು ನುಡಿಸಬೇಕೆಂಬುದನ್ನು ಬಾಯಲ್ಲಿ ಗುನುಗಿ ಫೋನಿನಲ್ಲಿ ಇಟ್ಟುಕೊಳ್ಳುತ್ತಾಳೆ. ಇಂಥವಳ ಕೈಗೆ ಅಪ್ಪ ತಮ್ಮ ಜೀವಮಾನದ ಕೆಲಸವನ್ನು ಕೊಟ್ಟರು, ಕಿತ್ತಳೆಯ ಒಂದು ತೊಳೆ ಕೊಟ್ಟಷ್ಟು ಸಲೀಸಾಗಿ.

ಕಳೆದ ಗುರುವಾರ ಅಪ್ಪ ಕಣ್ಣಿಗೆ ಹಾಕುವ ಹನಿಯ ಸೀಸೆಯನ್ನು ಮನೆಯಲ್ಲೇ ಮರೆತು ತಾಲೀಮಿಗೆ ಹೋಗಿದ್ದರು. ಅದನ್ನು ಕೊಡಲು ನಾನು ಹೋದೆ. ಕುತೂಹಲಕ್ಕೆ ಹೋದೆನೆಂದು ಗಿಲಕಿ ನಿಮಗೆ ಹೇಳಿದ್ದರೆ ನಂಬಬೇಡಿ.

ತಾಲೀಮಿನ ಕೋಣೆ ರಂಗಮಂದಿರದ ನೆಲಮಾಳಿಗೆಯಲ್ಲಿದೆ. ಸದ್ದು ಹೊರಹೋಗದಂತೆ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದಾರೆ. ಮೂಲೆಯಲ್ಲಿ ಹಳೆಯ ರಂಗಸಜ್ಜಿಕೆಯ ಹಲಗೆ ಮೆಟ್ಟಿಲುಗಳು, ಅವುಗಳ ಮೇಲೆ ವೈರಿನ ಸುರುಳಿಗಳು. ನಾನು ಬಾಗಿಲು ತೆರೆದಾಗ ಅಪ್ಪ ಮತ್ತು ಗಿಲಕಿ ಜಗಳವಾಡುತ್ತಿದ್ದರು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಡ್ರಮ್ಮಿನವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಿಸ್ಕತ್ತು ತಿನ್ನುತ್ತಿದ್ದ. ಅವನಿಗೆ ಇದು ಅಭ್ಯಾಸವಾಗಿರಬೇಕು.

"ಇದೇನು ಹಾಡೋ, ತಗಡಿನ ಅಂಗಡಿಯೋ?" ಎಂದು ಅಪ್ಪ ಕೇಳುತ್ತಿದ್ದರು.

"ನಿನ್ನ ಕಾಲದ ಸಮುದ್ರ ತುಂಬಾ ಸಭ್ಯಸ್ಥ ಇತ್ತೇನೋ ಅಪ್ಪಾ. ಅಲೆ ಹೊಡಿಯೋದು ಹೀಗೇನೇ."

"ಬಾಯಿಗೇನು ಕಡಿಮೆ ಇಲ್ಲ. ಮೊದಲಿಂದ ಬಾರಿಸು, ಕೇಳೋಣ."

ನನ್ನನ್ನು ಕಂಡೊಡನೆ ಅಪ್ಪ ದನಿ ತಗ್ಗಿಸಿ, "ಬಾಮ್ಮ, ಕೂತ್ಕೋ" ಎಂದು ಕುರ್ಚಿಯ ಮೇಲಿನ ಕೋಟನ್ನು ತೆಗೆದರು. ಮನೆಗೆ ಅತಿಥಿ ಬಂದಾಗ ಹೀಗೆಯೇ ಮಾಡುತ್ತಾರೆ.

ಗಿಲಕಿ ಮತ್ತು ಡ್ರಮ್ಮಿನವನು ಮೊದಲಿನಿಂದ ಬಾರಿಸಿದರು. ನೀವು ದೀಪಸ್ತಂಭದಿಂದ ಇಳಿದು ಬರುತ್ತ ಹಾಡುತ್ತಿದ್ದ ಹಾಡು ಅದು. ಕೊನೆಯ ಚರಣಕ್ಕೆ ಮೊದಲು ಡ್ರಮ್ ಥಟ್ಟನೆ ನಿಂತಿತು. ಗಿಟಾರಿನ ಒಂದೇ ಸ್ವರ ಗಾಳಿಯಲ್ಲಿ ಕೂಗುತ್ತ ಉಳಿಯಿತು. ನಾನು ಎಣಿಸುತ್ತಿದ್ದೆ. ಅಲ್ಲಿರಬೇಕಾದದ್ದು ನಾಲ್ಕು ಎಣಿಕೆ. ಬಂದದ್ದು ಆರು. "ತಪ್ಪು" ಎಂದೆ, ಎಲ್ಲರಿಗೂ ಕೇಳಿಸುವಂತೆ. ಅಪ್ಪನ ಹಳೆಯ ಪ್ರತಿಯಲ್ಲಿಯೂ ಆ ಜಾಗದಲ್ಲಿ ಆರೇ ಇದ್ದವು. ಕೈತಪ್ಪಿನಿಂದ ಆಗಿರಬೇಕೆಂದು ನನ್ನ ಪರೀಕ್ಷೆಯ ಕೃತಿಯಲ್ಲಿ ನಾಲ್ಕಕ್ಕೆ ತಿದ್ದಿದ್ದೆ. ನನ್ನ ಪ್ರಾಧ್ಯಾಪಕರು ಆ ತಿದ್ದುಪಡಿಯನ್ನು ತರಗತಿಯಲ್ಲಿ ವಿಶೇಷವಾಗಿ ಹೊಗಳಿದ್ದರು.

ಗಿಲಕಿ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ನಕ್ಕಳು. "ಅಯ್ಯೋ ಪಂಡಿತೆ, ತಪ್ಪಲ್ಲ ಕಣೆ ಅದು. ಚಿಕ್ಕಮ್ಮನ ಲಂಗ."

ಆಗ ಅಪ್ಪ ಹೇಳಿದರು. ನಿಮಗೆ ನೆನಪಿರಲೇಬೇಕು. ರಂಗದ ಮೇಲೆ ಸಮುದ್ರದ ಗಾಳಿಗೆಂದು ಫ್ಯಾನ್ ಇಟ್ಟಿದ್ದರಂತೆ. ಲಂಗ ಹಾರಬಾರದೆಂದು ಅಮ್ಮ ಅದರ ಅಂಚಿನೊಳಗೆ ಮರಳು ತುಂಬಿ ಹೊಲಿದಿದ್ದಳಂತೆ. ಆ ಭಾರದಲ್ಲಿ ನಾಲ್ಕು ಎಣಿಕೆಯೊಳಗೆ ನಿಮಗೆ ಕೆಳಗಿಳಿಯಲು ಆಗಲಿಲ್ಲ. ಮೊದಲ ಪ್ರದರ್ಶನದಲ್ಲಿ ಸಂಗೀತ ನೆಲದ ಮೇಲೆ, ನೀವಿನ್ನೂ ಮೆಟ್ಟಿಲ ಮೇಲೆ. ಮರುದಿನ ಅಪ್ಪ ಎರಡು ಎಣಿಕೆ ಸೇರಿಸಿದರು. ಇದನ್ನು ಹೇಳುತ್ತ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹನಿಯ ಸೀಸೆ ನನ್ನ ಕೈಯಲ್ಲೇ ಇತ್ತು.

ನಿನಗೆ ಹೇಗೆ ಗೊತ್ತಾಯಿತು ಎಂದು ಗಿಲಕಿಯನ್ನು ವಿಚಾರಿಸಿದೆ.

"ಯಾಕೆ ಆರು ಅಂತ ಅಪ್ಪನ್ನ ಕೇಳ್ದೆ" ಎಂದಳು.

ಮನೆಗೆ ಬಂದು ಅಮ್ಮನ ಹತ್ತಿರ ಇದು ನಿಜವೇ ಎಂದೆ. ಅವಳು ತುಟಿಯ ನಡುವಿನ ಗುಂಡುಸೂಜಿಗಳನ್ನು ತೆಗೆಯದೆಯೇ ಹೂಂಗುಟ್ಟಿ, ಮರಳು ಜರಡಿ ಹಿಡಿದದ್ದು ನೀವೆಂದು ತಿಳಿಸಿದಳು. ಹೀಗೆ ಆ ಎರಡು ಎಣಿಕೆಗಳಲ್ಲಿ ಅಮ್ಮನ ಹೊಲಿಗೆ ಇತ್ತು, ನಿಮ್ಮ ಕಾಲು ಇತ್ತು, ಅಪ್ಪನ ಸಂಗೀತ ಇತ್ತು. ನಾನು ಅಳಿಸಿದ್ದು ಅದನ್ನು.

ಚಿಕ್ಕಮ್ಮ, ಗಿಲಕಿಯ ಸಂಯೋಜನೆ ಚೆನ್ನಾಗಿದೆ. ಈ ವಾಕ್ಯವನ್ನು ಬರೆದು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಪಕ್ಕದ ಕಟ್ಟಡದವರು ಚಾವಣಿಯಲ್ಲಿ ಕಂಬಳಿ ಒಣಗಿಸುತ್ತಿದ್ದಾರೆ. ವ್ಯಾಕರಣದ ದೃಷ್ಟಿಯಿಂದ ಅವಳ ಕೆಲಸದಲ್ಲಿ ದೋಷಗಳಿವೆ. ಕಹಳೆಯವರಿಗೆ ಉಸಿರಾಡಲು ಜಾಗ ಬಿಟ್ಟಿಲ್ಲ. ಎರಡನೆಯ ಪಿಟೀಲು ಮೊದಲನೆಯದರ ಕಾಲು ತುಳಿಯುತ್ತದೆ. ಇವೆಲ್ಲವನ್ನೂ ನಾನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಲ್ಲೆ. ಆದರೆ ಅವರು ಮತ್ತೆ ಬಾರಿಸಿದಾಗ, ಗಿಟಾರ್ ಒಂಟಿಯಾಗಿ ಕೂಗುವ ಆ ಜಾಗದಲ್ಲಿ ನಾನು ಎಣಿಸುವುದನ್ನು ಮರೆತು ನೀವು ಯಾವಾಗ ಇಳಿದು ಬರುತ್ತೀರೋ ಎಂದು ಮೂಲೆಯ ಹಲಗೆ ಮೆಟ್ಟಿಲುಗಳ ಕಡೆ ನೋಡಿದೆ. ಮೂರನೆಯ ಸಲ ಬಾರಿಸಿದಾಗಲೂ ನೋಡಿದೆ. ನನ್ನ ಕೃತಿ ಕೇಳಿದಾಗ ಯಾರೂ ಯಾವ ಕಡೆಗೂ ನೋಡಿರಲಿಲ್ಲ.

ಈಗಿನ ತೊಡಕು ನಿಮಗೆ ತಿಳಿದದ್ದೇ. ಪಿಟೀಲು ಮತ್ತು ಕಹಳೆಯವರು ಬರೆದ ಹಾಳೆ ಮುಂದಿಲ್ಲದೆ ನುಡಿಸುವುದಿಲ್ಲ. ಅಪ್ಪನ ಕೈ ನಡುಗುತ್ತದೆ, ಅಷ್ಟು ಸಣ್ಣದಾಗಿ ಬರೆಯಲಾಗದು. ಸೋಮವಾರದೊಳಗೆ ಹಾಳೆಗಳು ಬರದಿದ್ದರೆ ಹಳೆಯ ಸಂಗೀತದಲ್ಲಿಯೇ ಆಡಿಸುವುದಾಗಿ ಮ್ಯಾನೇಜರು ಹೇಳಿಬಿಟ್ಟಿದ್ದಾರೆ. ಇಷ್ಟು ಬೇಗ ಬರೆಯಬಲ್ಲವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ಗಿಲಕಿ ಬಂದಿದ್ದಳು. ಕೋಣೆಯೊಳಗೆ ಕಾಲಿಡದೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಪೋಸ್ಟರಿನಲ್ಲಿ ನನ್ನ ಹೆಸರನ್ನು ಅವಳ ಹೆಸರಿಗಿಂತ ಮೇಲೆ, ದೊಡ್ಡದಾಗಿ ಹಾಕಿಸುವುದಾಗಿ ಹೇಳಿದಳು. "ಅಕ್ಕಾ, ನೀನು ಬರೀದಿದ್ರೆ ನಂದು ಬರೀ ಗಲಾಟೆ ಅಷ್ಟೇ ಕಣೆ" ಎಂದು ಫೋನನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಅವಳು ಗುನುಗಿದ್ದೆಲ್ಲ ಅದರಲ್ಲಿದೆ. ಗೆದ್ದವರಿಗೆ ಧಾರಾಳತನ ಎಷ್ಟು ಸುಲಭವಾಗಿ ಬರುತ್ತದೆ ನೋಡಿ.

ಅಮ್ಮ ದಿನಕ್ಕೊಮ್ಮೆ ಕಣ್ಣಲ್ಲೇ ಕೇಳುತ್ತಾಳೆ. ನೀವು ಪತ್ರ ಬರೆದು ಕೇಳಿದಿರಿ. ಅಪ್ಪ ಕೇಳಿಲ್ಲ.

ಮೊಣಕಾಲಿಗೆ ಬಿಸಿ ನೀರಿನ ಶಾಖ ಕೊಡುವುದನ್ನು ತಪ್ಪಿಸಬೇಡಿ. ಎಷ್ಟು ದೂರದಲ್ಲಿದ್ದರೂ ನಿಮ್ಮ ಹಾರೈಕೆ ನನ್ನ ಬೆನ್ನಿಗಿರಲಿ. ನೀವು ಚೆನ್ನಾಗಿರಬೇಕು, ಹಾಡುತ್ತಿರಬೇಕು.

ಇಂತಿ,
ನಿಮ್ಮ ಅಕ್ಕನ ದೊಡ್ಡ ಮಗಳು

ಮರೆತ ಮಾತು: ಉತ್ತರವನ್ನು ಬರೆಯದೆಯೇ ಸಹಿ ಹಾಕಿಬಿಟ್ಟಿದ್ದೇನೆ.

ನನ್ನ ಪರೀಕ್ಷೆಯ ದಿನ ಅಪ್ಪ ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕುಳಿತಿದ್ದರು. ಇಳಿಯುವ ಹಾಡಿನ ಆ ಜಾಗ ಬಂದಾಗ ಅವರ ಪಾದ ನೆಲದಿಂದ ಮೇಲೆದ್ದಿತು. ವಾದ್ಯಗಳು ಮುಂದೆ ಹೋದವು. ಪಾದ ಮಾತ್ರ ಎಲ್ಲಿ ಇಳಿಯಬೇಕೆಂದು ತಿಳಿಯದೆ ಹಾಗೆಯೇ ನಿಂತಿತ್ತು. ವಯಸ್ಸಾಯಿತು, ತಾಳ ತಪ್ಪುತ್ತಿದೆ ಎಂದು ನಾನು ವೇದಿಕೆಯ ಮೇಲಿನಿಂದ ಮರುಕಪಟ್ಟೆ. ಮುಗಿದ ಮೇಲೆ ಬಂದು, "ತುಂಬಾ ಅಚ್ಚುಕಟ್ಟಾಗಿದೆಯಮ್ಮ" ಎಂದು ಕೈ ಕುಲುಕಿದರು. ಗಿಲಕಿ ಹಾಗೆ ಎಣಿಕೆ ಕಡಿದಿದ್ದರೆ ಅಲ್ಲಿಯೇ ಎದ್ದು ನಿಂತು, ಇದೇನು ಹಾಡೋ ತಗಡಿನ ಅಂಗಡಿಯೋ ಎಂದು ಕೂಗುತ್ತಿದ್ದರು. ನನ್ನೊಡನೆ ಅವರು ಒಂದು ಸಲವೂ ಜಗಳವಾಡಿಲ್ಲ ಚಿಕ್ಕಮ್ಮ.

ಸ್ವರಲಿಪಿ ಬರೆದಾಗಿದೆ. ಪಿಟೀಲಿಗೆ, ಕಹಳೆಗೆ, ಎಲ್ಲರಿಗೂ ಬೇರೆ ಬೇರೆಯಾಗಿ ಬರೆದಿದ್ದೇನೆ. ಇಳಿಯುವ ಹಾಡಿನಲ್ಲಿ ಆರು ಎಣಿಕೆಗಳೇ ಇವೆ. ಹಾಳೆಗಳು ನನ್ನ ಮೇಜಿನ ಮೇಲೆ, ಈ ಪತ್ರದ ಪಕ್ಕದಲ್ಲಿಯೇ ಇವೆ. ಬೇಕಾದರೆ ಅಪ್ಪ ಬಂದು ಜಗಳವಾಡಲಿ.

ನಾನು ಅವುಗಳನ್ನು ಕೊಡುವುದಿಲ್ಲ.