ಹ್ಞೂಂ ಯಾವ ಕಡೆಗೆ ಸೇರಬೇಕು

ಧಾರವಾಡ,
ಫೆಬ್ರವರಿ ೩೦, ೨೧೯೨

ಡಾ. ಇಂದುಮತಿ ಬೆಳವಡಿ ಅವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಕ್ಯಾಲೆಂಡರ್ ತಿದ್ದಿದಾಗ ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ಕಿತ್ತು ಬಡಪಾಯಿ ಫೆಬ್ರವರಿಗೆ ಕೊಟ್ಟೆವು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರ ಎನಿಸೀತು, ಕ್ಷಮಿಸಿ. ನಿಮ್ಮನ್ನು ಏನೆಂದು ಕರೆಯುವುದು ಎಂಬುದೇ ದೊಡ್ಡ ಫಜೀತಿ. ಕಾಲದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗೂ ಹಿರಿಯರು; ಈ ಪತ್ರ ತಲುಪುವಾಗ ನಿಮಗೆ ಮೂವತ್ತೆಂಟು, ನನಗೋ ಐವತ್ತೇಳು. ಮೇಡಂ ಎನ್ನುತ್ತೇನೆ, ಜಗಳವೇ ಬೇಡ. ಇದನ್ನು ಹಿಂದಂಚೆಯಲ್ಲಿ ಕಳಿಸುತ್ತಿದ್ದೇನೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ.

ನಿಮ್ಮ ಬದುಕು ನಮ್ಮ ಏಳನೆಯ ತರಗತಿಯ ಪಾಠ. ಕೆರೆ ತುಂಬ ವಟಗುಟ್ಟುವ ಕಪ್ಪೆಗಳ ನಡುವೆ ಹೆಣ್ಣುಕಪ್ಪೆ ತನ್ನ ಜಾತಿಯ ಗಂಡಿನ ಕೂಗನ್ನಷ್ಟೇ ಹೇಗೆ ಹೆಕ್ಕಿಕೊಳ್ಳುತ್ತದೆ ಎಂದು ನೀವು ಕೆಸರಲ್ಲಿ ಕೂತು ವರ್ಷಗಟ್ಟಲೆ ಆಲಿಸಿದಿರಿ. ಆಮೇಲೆ ಕಿವಿಯಿಂದ ಮಿದುಳಿಗೆ ಹೋಗುವ ನರದ ಯಾವ ಎಳೆ ಯಾವ ಸದ್ದಿಗೆ ಮಿಡಿಯುತ್ತದೆ ಎಂದು ಪತ್ತೆಹಚ್ಚಿದಿರಿ. ಕೊನೆಗೆ ಎಂಜಿನಿಯರುಗಳ ಜೊತೆ ಸೇರಿ ಮನುಷ್ಯರ ಕಿವಿಯ ಆ ನರಕ್ಕೇ ಜೋಡಿಸುವ ಕೂದಲೆಳೆಯಂಥ ತಂತಿ ಮಾಡಿದಿರಿ. ಈ ಕೊನೆಯದನ್ನು ನೀವಿನ್ನೂ ಮಾಡಿಲ್ಲ. ಮಾಡುತ್ತೀರಿ, ಗಾಬರಿ ಬೇಡ. ಅದರಿಂದ ಹುಟ್ಟಿದ್ದನ್ನು ನಾವು ನಾಟಿಗಿವಿ ಎನ್ನುತ್ತೇವೆ. ನಾಟಿಕೋಳಿಯ ನಾಟಿಯಲ್ಲ, ಸಸಿ ನೆಡುವ ನಾಟಿ. ಅದರ ರಿಪೇರಿಯೇ ನನ್ನ ನೌಕರಿ.

ಇಲ್ಲಿ ಐವತ್ತು ದಾಟಿಯೂ ನಾಟಿಗಿವಿ ಇಲ್ಲದವರು ಅಪರೂಪ. ಎರಡು ತಲೆಮಾರು ಡಿಜೆ ಹಾಕಿಕೊಂಡು ಕುಣಿದ ಫಲ. ಅದರೊಳಗೊಂದು ಸದ್ದುಜರಡಿ ಇದೆ. ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ಮೊಮ್ಮಕ್ಕಳ ಪಿಸುಮಾತು ಒಳಗೆ ಬರುತ್ತವೆ. ನೆತ್ತಿಯ ಮೇಲೆ ಓಡಾಡುವ ಹಾರುಬಂಡಿಗಳ ಗುಂಯ್ ಸದ್ದು, ಕೆಮ್ಮು, ಗೊರಕೆ ಹೊರಗೇ ನಿಲ್ಲುತ್ತವೆ. ಗಂಡಹೆಂಡಿರ ಅರ್ಧ ಜಗಳ ಇದರಿಂದಲೇ ನಿಂತಿದೆ. ಮನೆಗಳಲ್ಲಿ ಕತೆ ಹೇಳುವವರೂ ಕಡಿಮೆಯಾದರು. ಯಾಕೆಂದು ಯಾರೂ ವಿಚಾರಿಸಲಿಲ್ಲ.

ನನ್ನ ಅವ್ವ ನೀಲಗಂಗವ್ವ ಕತೆ ಹೇಳುವುದರಲ್ಲಿ ಗಟ್ಟಿಗಿತ್ತಿ. ರೊಟ್ಟಿ ಬಡಿಯುತ್ತ, ನಮಗೆ ಬೆನ್ನು ಮಾಡಿ ಹೇಳುತ್ತಿದ್ದಳು. ರೊಟ್ಟಿ ಇನ್ನೂ ಕೈಯಲ್ಲೇ ಬಡಿಯುತ್ತೇವೆ, ಯಂತ್ರದ್ದು ಯಾರಿಗೂ ಒಗ್ಗಲಿಲ್ಲ. ನಾವು ಹಿಂದೆ ಕೂತು ಹ್ಞೂಂ ಎನ್ನಬೇಕು. ಹ್ಞೂಂ ನಿಂತರೆ ಕತೆಯೂ ನಿಂತಿತು. ಒಲ್ಲೆ ಒಲ್ಲೆ ಎನ್ನುತ್ತಿದ್ದವಳಿಗೆ ಎಂಬತ್ತರ ಹತ್ತಿರ ನಾನೇ ಒತ್ತಾಯಿಸಿ ನಾಟಿಗಿವಿ ಹಾಕಿಸಿದೆ. ಮರುವಾರ ಕತೆ ಶುರುಮಾಡಿದಳು. ರಾಜಕುಮಾರ ಕುದುರೆ ಏರುವಷ್ಟರಲ್ಲಿ ತಿರುಗಿ ನೋಡಿದಳು. ಮತ್ತೆ ತಿರುಗಿದಳು. ರೊಟ್ಟಿ ಸೀದುಹೋಯಿತು. “ಯಾರ ಮುಂದ ಹೇಳಾಕತ್ತೀನಿ? ಗ್ವಾಡಿ ಮುಂದ ಹೇಳಿಧಂಗ ಆತು,” ಎಂದಳು. ನಾನು ಹೌದವ್ವಾ, ಹೌದು ಎಂದು ಕೂಗಿದರೆ, “ನಡುವ ಬಾಯಿ ಹಾಕಬ್ಯಾಡ,” ಎಂದು ಗದರಿದಳು. ನಾವೆಲ್ಲ ಹ್ಞೂಂ ಎನ್ನುತ್ತಲೇ ಇದ್ದೆವು, ಅವಳಿಗೆ ಕೇಳಿಸಲಿಲ್ಲ. ಈಗ ಕತೆ ಬಿಟ್ಟಿದ್ದಾಳೆ, ಮಾತೂ ಕಡಿಮೆ.

ಜರಡಿಯನ್ನು ತಳದ ತನಕ ಬಿಚ್ಚಿದೆ. ತಳದಲ್ಲಿದ್ದದ್ದು ನೀವು ಕಪ್ಪೆಗಳಾದ ಮೇಲೆ ಮನುಷ್ಯರ ನಡುವೆ ಮಾಡಿದ ಧ್ವನಿಮುದ್ರಣಗಳು. ಮಾತು ಒಂದು ಕಡೆ, ಗದ್ದಲ ಒಂದು ಕಡೆ ಎಂದು ನೀವು ವಿಂಗಡಿಸಿದಾಗ, ಬಾಯಿ ತೆರೆಯದೆ ಮೂಗಿನಲ್ಲೇ ಹೊರಡುವ ಹ್ಞೂಂ ಕೆಮ್ಮು ತೇಗುಗಳ ಜೊತೆ ಗದ್ದಲಕ್ಕೆ ಬಿತ್ತು. ತಪ್ಪು ನಿಮ್ಮದಲ್ಲ ಎಂದು ಬೆಣ್ಣೆ ಹಚ್ಚುವುದಿಲ್ಲ. ನಿಮ್ಮದೇ, ಸಣ್ಣದು. ಅದರ ಮೇಲೆ ನಾವು ನೂರೈವತ್ತು ವರ್ಷ ಜರಡಿಗೆ ಜರಡಿ ಪೇರಿಸಿದೆವು. ಈಗ ಹ್ಞೂಂಗೆ ದಾರಿ ಬಿಟ್ಟರೆ ಗದ್ದಲವೆಲ್ಲ ಒಟ್ಟಿಗೇ ನುಗ್ಗುತ್ತದೆ. ಅವ್ವನಿಗೆ ಹಾಗೊಮ್ಮೆ ಮಾಡಿ ನೋಡಿದೆ. ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಇನ್ನೊಮ್ಮೆ ಕೈ ಹಾಕುವ ಧೈರ್ಯ ನನಗಿಲ್ಲ.

ಈ ಪತ್ರ ಕೈಸೇರಿದ ಮೇಲೆ ಬರುವ ಸೋಮವಾರ ನೀವು ಆ ವಿಂಗಡಣೆಗೆ ಕೂರುತ್ತೀರಿ. ದಯವಿಟ್ಟು ಹ್ಞೂಂ ಅನ್ನು ಮಾತಿನ ಕಡೆಗೆ ಹಾಕಿ. ಅದು ಮಾತೇ. ಹೇಳು, ನಾನಿದ್ದೇನೆ ಎಂದು ಅದರರ್ಥ. ಜನ್ಮಕ್ಕೊಂದೇ ಪತ್ರವನ್ನು ಇಷ್ಟಕ್ಕಾಗಿ ಖರ್ಚು ಮಾಡಿದ್ದಕ್ಕೆ ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದಾರೆ, ನಗಲಿ.

ಉತ್ತರ ಬರೆಯುವ ತೊಂದರೆ ಬೇಡ, ಬರೆದರೂ ಇಲ್ಲಿಗೆ ತಲುಪದು. ನಾಳೆ ಅವ್ವ ರೊಟ್ಟಿಗೆ ಕೂತಾಗ ಒಂದು ಕತೆ ಹೇಳೆಂದು ಕಾಡುತ್ತೇನೆ. ಬೈದುಕೊಂಡಾದರೂ ನಾಲ್ಕು ಮಾತು ಹೇಳಿಯಾಳು. ಬೆನ್ನ ಹಿಂದೆ ಕೂತು ನಾನು ಹ್ಞೂಂ ಎನ್ನುತ್ತೇನೆ. ಅವಳು ತಿರುಗಿ ನೋಡದೆ ಮುಂದುವರಿಸಿದರೆ, ನೀವು ಓದಿದಿರಿ ಎಂದು ತಿಳಿಯುತ್ತೇನೆ.

ಇಂತಿ,
ಸರ್ವಮಂಗಳಾ ಕಟಗಿ