ಗೊಬ್ಬೂರಿನ ಮಿತ್ರರಾಷ್ಟ್ರಗಳು

ಗೊಬ್ಬೂರ
15-12-2025, ಸೋಮವಾರ

ಮಗಳು ಜಯಮಾಲಾಳಿಗೆ, ಏಳನೇ ವರ್ಗ ಕಲಿತು ವಕೀಲರಿಗೇ ಬುದ್ಧಿ ಹೇಳುವ ನಿನ್ನ ದೇವಿಂದ್ರಪ್ಪ ಕಾಕಾನ ಆಶೀರ್ವಾದ.

ಫೋನ್ ಮಾಡಿದರೆ ನಿಮ್ಮಪ್ಪ ನನ್ನ ದನಿ ಕೇಳಿ ಇಟ್ಟುಬಿಡುತ್ತಾನೆ. ಕಾಗದಕ್ಕೆ ದನಿ ಇಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನೀನು ಯೂಟ್ಯೂಬಿಗೆ ಹಾಕಿದ ಇತಿಹಾಸದ ಪಾಠ ನೋಡಿದೆ. ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ, ಆಗಲೇ ಮಿತ್ರರಾಷ್ಟ್ರಗಳ ಹಿರಿಯರು ಸಮುದ್ರದ ದಂಡೆಯ ಅರಮನೆಯಲ್ಲಿ ಕೂತು, ಜರ್ಮನಿ ಹೇಗೆ ಶರಣಾಗಬೇಕು, ಯಾರಿಗೆ ಯಾವ ಪಾಲು, ಮುಂದೆ ಜಗತ್ತಿನ ಕಾರಭಾರ ಯಾರದು ಎಂದೆಲ್ಲ ಮಾತಾಡಿಕೊಂಡರು ಅಂದಿ. ಛಲೋ ಹೇಳಿದಿ. ಆದರೆ ಆ ವಿದ್ಯೆಯಲ್ಲಿ ನಿನ್ನ ಕಾಕಾ ಅವರೆಲ್ಲರ ಗುರು. ನಿಮ್ಮಪ್ಪ ಇದನ್ನು ನಿನಗೆ ಹೇಳಿರಲಿಕ್ಕಿಲ್ಲ.

ನಮ್ಮ ಬಾವಿ ಒಂದು, ಅದರ ಮೇಲೆ ಹೊಲ ಮೂರು: ನಿಮ್ಮಪ್ಪ ಶಂಕರಲಿಂಗಣ್ಣನದು, ನನ್ನದು, ನನ್ನ ಗೆಳೆಯ ಜಹೀರುದ್ದೀನನದು. ಪಂಪಿನ ಮನೆಯ ಕೀಲಿಕೈ ಅಣ್ಣನ ಉಡದಾರದಲ್ಲಿ, ಕರೆಂಟಿನ ಮೀಟರು ಜಹೀರುದ್ದೀನನ ಹೆಸರಲ್ಲಿ. ಎರಡು ವರ್ಷದ ಹಿಂದೆ, ದೀಪಾವಳಿ ಮುಂದೆ, ಅಣ್ಣ ವಿನಾಕಾರಣ ಪಂಪಿನ ಮನೆಗೆ ಕೀಲಿ ಜಡಿದ. ನಾನೂ ಜಹೀರುದ್ದೀನನೂ ಒಂದಾದೆವು. ಅವನು ಮೀಟರಿನ ಫ್ಯೂಜು ಕಿತ್ತುಕೊಂಡ, ಪಂಪು ಅಣ್ಣನಿಗೂ ನಡೆಯದಂತಾಯಿತು. ನಮ್ಮಿಬ್ಬರದು ಜೋಳ, ನೀರಿಲ್ಲದೆ ತಡೆಯುತ್ತದೆ. ಅಣ್ಣನದು ಕಬ್ಬು, ತಡೆಯುವುದಿಲ್ಲ.

ಗೆಲ್ಲುವುದು ಖಾತ್ರಿಯಾದ ಮೇಲೆ, ಊರವರ ಕಣ್ಣು ತಪ್ಪಿಸಿ ಗಾಣಗಾಪುರದ ಚಹಾದಂಗಡಿಯಲ್ಲಿ ಕೂತೆವು. ಮದುವೆ ಕಾರ್ಡಿನ ಬೆನ್ನಿಗೆ ಕರಾರಿನ ಕಲಮು ಬರೆದೆವು: ವಾರದಲ್ಲಿ ಮೂರು ದಿನ ನೀರು ನನಗೆ, ಮೂರು ದಿನ ಅವನಿಗೆ, ಅಣ್ಣನಿಗೆ ಒಂದೇ.

ಜಹೀರುದ್ದೀನ ಅಂದ, “ಏ ದೇವ್ಯಾ, ಸೋತವ ನಾಳಿ ಹೊಳ್ಳಿ ಬರಾಕ ಒಂದು ಬಾಗಲಾ ಬಿಡಲೇ. ಕೀಲಿಕೈ ಅವನ ಹಂತ್ಯಾಕ ಇರಲಿ.”

“ಬಾಗಲಾ ಅಲ್ಲ, ಕಿಡಕಿನೂ ಬಿಡಂಗಿಲ್ಲ,” ಅಂದೆ. “ಮಂದಿ ಮುಂದ ತಂದು ನನ್ನ ಕೈಯಾಗ ಕೊಡಬೇಕು. ಷರತ್ತು ಗಿರತ್ತು ಇಲ್ಲ.”

“ನಿಮ್ಮ ಅಣ್ಣ ಅಲ್ಲೇನಲೇ ಅಂವಾ?”

“ಅದಕ್ಕ ಮತ್ತ!”

ಒಂಬತ್ತನೆಯ ದಿನ ಅಣ್ಣ ಕೀಲಿಕೈ ಹಿಡಿದು ಗುಡಿಯ ಕಟ್ಟೆಗೆ ಬಂದ. ಅಲ್ಲಿ ಹತ್ತು ಮಂದಿ ಕೂತಿದ್ದರು. “ತಗೋ ದೇವಿಂದ್ರ. ಕಬ್ಬಿಗಿ ನೀರ ಬಿಡ್ರಿ,” ಅಂದ. ನಾನು ಕಿವಿಗೆ ಕೈ ಹಚ್ಚಿ, “ಕೇಳಸಲಿಲ್ಲೋ ಅಣ್ಣಾ, ಇನ್ನೊಮ್ಮಿ ಅನ್ನು,” ಅಂದೆ. ಮಂದಿ ನಕ್ಕರು. ಅಣ್ಣ ಇನ್ನೊಮ್ಮೆ ಅಂದ.

ಜಹೀರುದ್ದೀನ ನಗಲಿಲ್ಲ. “ಲಡಾಯಿಗಿ ನಿನ್ನ ಸಂಗಾಟ ಬಂದಿದ್ದೆ, ಈ ಹಲ್ಕಟ್ ಕೆಲಸಕ್ಕಲ್ಲ,” ಎಂದು ಕಾರ್ಡು ಹರಿದೊಗೆದು, ಫ್ಯೂಜು ಹಾಕಿ ನಡೆದ. ತಿಂಗಳೊಳಗೆ ಅಣ್ಣ ಹೊಲವನ್ನು ಪಾಲಿಗೆ ಕೊಟ್ಟು ಜೇವರ್ಗಿಗೆ, ನಿನ್ನ ಮನೆಗೆ ಬಂದುಬಿಟ್ಟ.

ವಿನಾಕಾರಣ ಅಂತ ಮೇಲೆ ಬರೆದೆನಲ್ಲ, ಅದನ್ನು ಹೊಡೆದುಹಾಕಿ ಓದು. ಅಣ್ಣನ ಪಾಳಿಯ ದಿನ ನೀರನ್ನು ನನ್ನ ಉಳ್ಳಾಗಡ್ಡಿ ಮಡಿಗೆ ತಿರುವಿದ್ದೆ, ಮೂರು ಸಲ. ಏನಂತಾನೋ ನೋಡೋಣ ಅಂತ. ಇದನ್ನು ಜಹೀರುದ್ದೀನನಿಗೆ ಹೇಳಿದ್ದೂ ಮೊನ್ನೆಯೇ. “ಮೊದಲ ಹೇಳಿದ್ರ ನಿನ್ನ ಮನಿ ಫ್ಯೂಜ ತೆಗೀತಿದ್ದೆ, ಮಗನ!” ಅಂದ.

ಆ ಕಾರ್ಡಿನಲ್ಲಿ ಪೈಪು ಒಡೆದರೆ ಯಾರು ಕೂಡಿಸಬೇಕು ಎಂಬುದೂ ಇತ್ತು ಜಯಾ. ಎಳ್ಳ ಅಮಾವಾಸ್ಯೆಗೆ ಚರಗ ಯಾರು ಚೆಲ್ಲಬೇಕು ಎಂಬುದು ಮಾತ್ರ ಇರಲಿಲ್ಲ. ಭೂಮಿತಾಯಿಗೆ ಮೊದಲ ತುತ್ತು ಚೆಲ್ಲುವವನು ಅಣ್ಣ. ಜಹೀರುದ್ದೀನನ ಹೊಲಕ್ಕೂ ಅವನೇ. ನೀರಿನ ತಂಬಿಗೆ ಹಿಡಿದು ಅವನ ಹಿಂದೆ ನಡೆಯುವವನು ನಾನು. ಎರಡು ವರ್ಷ ನಿನ್ನ ಕಾಕು ಶಿವಕಾಂತಾ ಭಜ್ಜಿ, ಸಜ್ಜಿ ರೊಟ್ಟಿ ಹೊತ್ತು ತಂದಳು. ನಾನು ಬುಟ್ಟಿ ಹಿಡಿದು ನಿಂತೆ. ಯಾವ ದಿಕ್ಕಿಗೆ ಮೊದಲು ಚೆಲ್ಲಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ನೋಡಿದ್ದು ಅಣ್ಣನ ಬೆನ್ನನ್ನು ಮಾತ್ರ.

ನಿನ್ನ ಪಾಠದ ನಡುವೆ ಒಳಗಿನ ಕೋಣೆಯಲ್ಲಿ ಯಾರೋ ಕೆಮ್ಮಿದರು. ಯುದ್ಧ ಹೇಗೆ ಮುಗಿಯಿತೋ ನನಗೆ ಗೊತ್ತಿಲ್ಲ. ವಿಡಿಯೊ ಹಿಂದಕ್ಕೆ ಜಗ್ಗಿ ಜಗ್ಗಿ ಆ ಕೆಮ್ಮನ್ನೇ ಕೇಳಿದೆ.

ಈ ಶುಕ್ರವಾರ ಎಳ್ಳ ಅಮಾವಾಸ್ಯೆ. ಅಣ್ಣನನ್ನು ಕಳಿಸಿಕೊಡು. ಈ ಸಲ ಶರಣಾಗುವವನು ನಾನು. ಷರತ್ತೇ ಇಲ್ಲ ಅಂತ ಬರೆಯಬೇಕೆಂದಿದ್ದೆ. ಒಂದಿದೆ: ತಂಬಿಗೆ ಹಿಡಿಯುವ ಕೆಲಸ ನನಗೇ ಕೊಡಬೇಕು.

ನಿನ್ನ, ವಯಸ್ಸಾದರೂ ಬುದ್ಧಿ ಬಾರದ
ದೇವಿಂದ್ರಪ್ಪ ಕಾಕಾ

ತಾ.ಕ.: ಇದನ್ನು ಊರಿನಿಂದ ಬರೆದಿಲ್ಲ. ನಿಮ್ಮ ಓಣಿಯ ಮೂಲೆಯ ಚಹಾದಂಗಡಿಯಲ್ಲಿ ಕೂತಿದ್ದೇನೆ. ಕಾಗದವನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಗಾಣಗಾಪುರಕ್ಕೆ ದರ್ಶನಕ್ಕೆಂದು ಶಿವಕಾಂತಾಳಿಗೆ ಹೇಳಿ ಬರುತ್ತೇನೆ. ಹೀಗೆ ಇಲ್ಲಿ ಬಂದು ಕೂತದ್ದು ಇದು ಐದನೆಯ ಸೋಮವಾರ. ಅಣ್ಣ ಸಂಜೆ ಅಡ್ಡಾಡಲು ಇದೇ ದಾರಿಯಲ್ಲಿ ಹೋಗುತ್ತಾನೆ. ಹೋದ ವಾರದಿಂದ ಎಡಗಾಲು ಎಳೆದು ನಡೆಯುತ್ತಿದ್ದಾನೆ. ಡಾಕ್ಟರಿಗೆ ತೋರಿಸು. ನೀನೇ ನೋಡಿದೆ ಅಂತ ಹೇಳು.