ಶಾಲೆಯ ಗೋಬರ್ ಗ್ಯಾಸಿಗೆ ಸೀಲು ಹಾಕಿದವರಿಗೆ

ಮಾನ್ಯ ಬ್ಲಾಕ್ ಅಧಿಕಾರಿಗಳೇ,

ಮೂರು ತಿಂಗಳ ಹಿಂದೆ ತಾವು ಶಾಲುಕ್‌ಡಾಂಗಾ ಹಳ್ಳಿಯ ಶಾಲೆಗೆ ಬಂದು ಅಲ್ಲಿನ ಗೋಬರ್ ಗ್ಯಾಸ್ ಘಟಕಕ್ಕೆ ಸೀಲು ಹಾಕಿಸಿದಿರಿ. ಸೀಲು ತೆಗೆಯಿರಿ ಎಂದು ಇಂಗ್ಲಿಷಿನಲ್ಲಿ ಬರೆದೆ, ಬಂಗಾಳಿಯಲ್ಲಿ ಬರೆಸಿದೆ. ಉತ್ತರವಿಲ್ಲ. ಈಗ ಕೋಲ್ಕತ್ತದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಕನ್ನಡ ಓದಲು ಬಾರದು, ನಿಜ. ಬರುವ ಭಾಷೆಯಲ್ಲಿ ಬರೆದಾಗ ಏನು ಓದಿದಿರಿ?

ನಾನು ಕುಂದಾಪುರದ ಕಡೆಯವನು. ಎಸ್ಪ್ಲನೇಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಣ್ಣ ಹೋಟೆಲು ನಡೆಸುತ್ತಿದ್ದೇನೆ. ತರಕಾರಿ ಸಿಪ್ಪೆ, ಎಲೆಯಲ್ಲಿ ಬಿಟ್ಟ ಅನ್ನ ಸೇರಿ ದಿನಕ್ಕೆ ಎರಡು ಡ್ರಮ್ಮು ಕಸ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನನ್ನ ತಂಗಿಯ ಮಗಳು ವಿಜೇತಾ ಅದನ್ನು ನೋಡಿ, "ಮಾವ, ಇದು ಕಸ ಅಲ್ಲ, ಫ್ಯೂಯೆಲ್" ಅಂದಳು. ಆ ಹಳ್ಳಿಯಿಂದ ನಮಗೆ ತರಕಾರಿ ತರುವ ವ್ಯಾನು ಖಾಲಿ ಹಿಂದಿರುಗುತ್ತಿತ್ತು. ಅದರಲ್ಲೇ ಡ್ರಮ್ಮುಗಳನ್ನು ಕಳಿಸಿದೆವು. ಶಾಲೆಯ ಹಿತ್ತಲಲ್ಲಿ ಅವಳು ಕಟ್ಟಿಸಿದ ತೊಟ್ಟಿಗೆ ಊರಿನ ಸಗಣಿಯೂ ನಮ್ಮ ಸಿಪ್ಪೆಯೂ ಬಿದ್ದು, ಬಿಸಿಯೂಟದ ಒಲೆ ಉರಿಯಿತು.

ಅದಕ್ಕೆ ಮೊದಲು ಅಲ್ಲಿ ಸೌದೆ ಒಲೆಯ ಮುಂದೆ ಹದಿನೈದು ವರ್ಷ ಹೊಗೆ ಕುಡಿದವರು ಶೆಫಾಲಿ ನಸ್ಕರ್. ನೂರಮೂವತ್ತು ಮಕ್ಕಳಿಗೆ ಅಡುಗೆ ಮಾಡುವವರು. ಮೊದಲ ದಿನ ನೀಲಿ ಉರಿ ಎದ್ದಾಗ ಆಕೆ ಮೂರು ಸಲ ಆರಿಸಿ, ಮೂರು ಸಲ ಹೊತ್ತಿಸಿ ನಕ್ಕರು. "ದಾದಾ, ಹೊಗೆ ಎಲ್ಲಿ ಹೋಯ್ತು?" ಎಂದು ಅಣ್ಣನನ್ನು ಕೇಳುವಂತೆ ನನ್ನನ್ನು ಕೇಳಿದರು. ಒಂದೂವರೆ ವರ್ಷ ಆ ಅಡುಗೆಮನೆಗೆ ಸೌದೆಯೇ ಬರಲಿಲ್ಲ.

ಆಮೇಲೆ ತಾವು ಬಂದಿರಿ. "ಇದು ಯಾವ ಇಲಾಖೆಗೆ ಸೇರುತ್ತೆ?" ಎಂದಿರಿ. ಕಸವಾದರೆ ನೈರ್ಮಲ್ಯಕ್ಕೆ, ಗ್ಯಾಸಾದರೆ ಇಂಧನಕ್ಕೆ, ಅನ್ನವಾದರೆ ಶಿಕ್ಷಣಕ್ಕೆ!

"ಸರ್, ಸೇಫ್ಟಿ ರಿಪೋರ್ಟ್ ಇದೆ, ನೋಡಿ" ಎಂದಳು ವಿಜೇತಾ.

"ನೋಡಬೇಕಾದವನು ನಾನು ಹೌದೋ ಅಲ್ಲವೋ, ಅದೂ ತೀರ್ಮಾನ ಆಗಬೇಕು" ಎಂದಿರಿ.

ನೋಡುವ ಅಧಿಕಾರ ಇದೆಯೋ ಇಲ್ಲವೋ ತಿಳಿಯದವರಿಗೆ ಮುಚ್ಚುವ ಅಧಿಕಾರ ಎಲ್ಲಿಂದ ಬಂತು ಸ್ವಾಮೀ?

ಮತ್ತೆ ಸೌದೆ ಬಂತು. ಮಳೆ ಹಿಡಿದಿತ್ತು, ಸೌದೆ ತೊಯ್ದಿತ್ತು. ಮಕ್ಕಳ ಊಟದ ಹೊತ್ತು ಮೀರುತ್ತದೆಂದು ಶೆಫಾಲಿ ಸೀಮೆಎಣ್ಣೆ ಸುರಿದರು. ಭಗ್ಗೆಂದ ಉರಿ ಸೆರಗಿಗೆ ಹತ್ತಿತು. ಹೆಡ್‌ಮಾಸ್ತರರು ಗೋಣಿ ಸುತ್ತಿ ಆರಿಸುವಷ್ಟರಲ್ಲಿ ಬಲಗೈ ಮೊಣಕೈವರೆಗೆ ಬೆಂದಿತ್ತು. ಆಸ್ಪತ್ರೆಯಲ್ಲಿ ಆಕೆ ನನ್ನನ್ನು ಕೇಳಿದ್ದು ಒಂದೇ: "ನನ್ನ ಕೆಲಸ ಬೇರೆಯವರಿಗೆ ಕೊಟ್ಟುಬಿಡ್ತಾರಾ ದಾದಾ?" ಕಸ ಕೊಟ್ಟು ಆಸೆ ಹುಟ್ಟಿಸಿದವರಲ್ಲಿ ನಾನೂ ಒಬ್ಬನಲ್ಲವೇ?

ಈ ವಿಷಯ ತಿಳಿಸಲು ಹೋದರೆ ತಮ್ಮ ಗುಮಾಸ್ತರು, "ಸುಟ್ಟದ್ದು ಸೌದೆ ಒಲೆಯಿಂದ ತಾನೇ? ಗ್ಯಾಸಿನಿಂದಲ್ಲವಲ್ಲ" ಎಂದು ಕಡತ ಮುಚ್ಚಿದರು.

ನಿಯಮ ಬೇಡ ಎನ್ನುತ್ತಿಲ್ಲ. ಪರೀಕ್ಷಿಸಿ. ತಪ್ಪಿದ್ದರೆ ಬರೆದುಕೊಡಿ, ತಿದ್ದುತ್ತೇವೆ. ಇಲ್ಲದಿದ್ದರೆ ದುರ್ಗಾಪೂಜೆಯ ರಜೆಗೆ ಮೊದಲು ಸೀಲು ಒಡೆಯಿರಿ. ತೊಟ್ಟಿಯಲ್ಲಿದ್ದದ್ದು ಕೆಟ್ಟುಹೋಗಿದೆ, ಮತ್ತೆ ಗ್ಯಾಸ್ ಹುಟ್ಟಲು ತಿಂಗಳಾದರೂ ಬೇಕು ಎನ್ನುತ್ತಾಳೆ ವಿಜೇತಾ.

ಬರುವಾಗ ಬೆಳಿಗ್ಗೆ ಹತ್ತಕ್ಕೇ ಬನ್ನಿ. ಶೆಫಾಲಿ ಹೋದ ವಾರದಿಂದ ಕೆಲಸಕ್ಕೆ ಬರುತ್ತಿದ್ದಾರೆ. ಎಡಗೈಯಲ್ಲಿ ಸೌದೆ ಒಟ್ಟಿ ಒಲೆ ಊದುವ ಹೊತ್ತು ಅದು. ಅನ್ನ ಬೇಯುವವರೆಗೆ ಆಕೆಯ ಪಕ್ಕದಲ್ಲಿ ನಿಂತಿರಿ. ಇಲಾಖೆ ಯಾವುದೆಂದು ಆಮೇಲೆ ಹೇಳುವಿರಂತೆ.

ಇಂತಿ,
ತಮ್ಮ ಕಚೇರಿಯ ಬೆಂಚಿನಲ್ಲಿ ಹನ್ನೊಂದು ಸಲ ಕುಳಿತು ಎದ್ದುಬಂದ
ಚಂದ್ರಹಾಸ
ಎಸ್ಪ್ಲನೇಡ್, ಕೋಲ್ಕತ್ತ